ಹಿಮದ ಊರಿಗೆ ಹೊರಡುವ ಮೊದಲು

“ಮೇಷ್ಟ್ರೇ, ಕ್ರಿಸ್‌ಮಸ್ ರಜೆಯಲ್ಲಿ ಮನಾಲಿಗೆ ಹೋದರೆ ಹಿಮ ಸಿಗೋದು ಗ್ಯಾರಂಟಿನಾ?”

ಪೋಷಕರ ಸಭೆ ಮುಗಿಸಿ ಹೊರಟಿದ್ದ ತಂದೆಯೊಬ್ಬರು ಬಾಗಿಲಲ್ಲೇ ನಿಂತು ಕೇಳಿದ ಪ್ರಶ್ನೆಯಿದು. ಮಗಳ ಅಂಕಪಟ್ಟಿಯ ಬಗ್ಗೆ ಅವರು ಇಷ್ಟು ಕಾಳಜಿಯಿಂದ ವಿಚಾರಿಸಿರಲಿಲ್ಲ ಎಂಬುದು ಬೇರೆ ಮಾತು. ಗ್ಯಾರಂಟಿ ಇಲ್ಲ ಎಂದೆ. ಟಿಕೆಟ್ಟು ಆಗಲೇ ಮಾಡಿಸಿಬಿಟ್ಟಿದ್ದರೋ ಏನೋ, ಮುಖ ಸಣ್ಣದಾಯಿತು.

ಹಿಮವೆಂಬುದು ಡಿಸೆಂಬರ್ ಬಂದ ಕೂಡಲೇ ತಾನಾಗಿ ಬೀಳುವ ವಸ್ತುವಲ್ಲ. ಚಳಿಯಿದ್ದರೆ ಸಾಲದು, ಗಾಳಿಯಲ್ಲಿ ತೇವಾಂಶವೂ ಬೇಕು. ನಮ್ಮ ಮುಂಗಾರು ಅರಬ್ಬೀ ಸಮುದ್ರದಿಂದ ಬಂದ ಹಾಗೆ, ಹಿಮಾಲಯದ ಚಳಿಗಾಲದ ಮಳೆ ಹಿಮಗಳು ಬಲು ದೂರದ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುತ್ತವೆ. ಹವಾಮಾನ ಇಲಾಖೆಯವರು ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಎಂದು ಕರೆಯುವ ಈ ವಾಯುಭಾರ ಕುಸಿತಗಳು ಇರಾನ್, ಪಾಕಿಸ್ತಾನಗಳನ್ನು ದಾಟಿ ಬಂದು ಹಿಮಾಲಯಕ್ಕೆ ಡಿಕ್ಕಿ ಹೊಡೆದಾಗ ಹಿಮ ಬೀಳುತ್ತದೆ. ಬಾರದಿದ್ದರೆ ಇಲ್ಲ. 2,050 ಮೀಟರ್ ಎತ್ತರದ ಮನಾಲಿ ಪೇಟೆಯಲ್ಲಿ ಜನವರಿ, ಫೆಬ್ರುವರಿಯಲ್ಲೇ ಹಿಮದ ಸಂಭವ ಹೆಚ್ಚು. ಅದೂ ಈಚೆಗೆ ಕೈಕೊಡುತ್ತಿದೆ. 2024ರ ಜನವರಿಯಲ್ಲಿ ತಿಂಗಳ ಕೊನೆಯ ತನಕ ಹಿಮಾಚಲದಲ್ಲೂ ಕಾಶ್ಮೀರದಲ್ಲೂ ಹಿಮವೇ ಇಲ್ಲದೆ, ಗುಲ್ಮಾರ್ಗದ ಪ್ರಸಿದ್ಧ ಇಳಿಜಾರುಗಳು ಬೋಳು ಹುಲ್ಲಿನಲ್ಲಿ ಬಿದ್ದಿದ್ದವು.

ಅಲ್ಲಿ ಹಿಮ ಬಾರದಿದ್ದರೆ ಪ್ರವಾಸಿಗನಿಗೆ ಒಂದು ಫೋಟೋ ನಷ್ಟ. ಕುಲ್ಲು ಕಣಿವೆಯ ಸೇಬಿನ ತೋಟದವನಿಗೆ ಬೆಳೆಯೇ ನಷ್ಟ. ಹಳೆಯ ಸೇಬಿನ ತಳಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶದಲ್ಲಿ ಸಾವಿರ ಗಂಟೆಗಳಷ್ಟು ನಿದ್ದೆ ಬೇಕು; ಇಲ್ಲದಿದ್ದರೆ ವಸಂತದಲ್ಲಿ ಹೂವು ಸರಿಯಾಗಿ ಬಿಡುವುದಿಲ್ಲ. ಬಿದ್ದ ಹಿಮ ಮೆಲ್ಲಗೆ ಕರಗಿ ಮಣ್ಣಿಗೆ ಇಳಿಯಬೇಕು. ಕುಲ್ಲುವಿನ ತಗ್ಗಿನ ಊರುಗಳಲ್ಲಿ ಸೇಬು ತೆಗೆದು ದಾಳಿಂಬೆ ಮೊದಲಾದ ಬೇರೆ ಹಣ್ಣಿನ ಗಿಡ ಹಾಕುವುದು, ಸೇಬು ಮೇಲಮೇಲಕ್ಕೆ ಸರಿಯುವುದು ಹಲವು ವರ್ಷಗಳಿಂದ ನಡೆದಿದೆ. ಆದ್ದರಿಂದ ಮನಾಲಿಗೆ ಹೊರಟವರು ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ನಮಗೆ ಆಟದ ಸಾಮಾನಾಗಿ ಕಾಣುವ ಈ ಹಿಮ ಅಲ್ಲಿಯವರ ಕೆರೆ, ಬಾವಿ, ಕಾಲುವೆ ಎಲ್ಲವೂ ಹೌದು.

ಮನಾಲಿಯಲ್ಲಿ ಹಿಮ ಇಲ್ಲದಾಗ ಜನ ಏನು ಮಾಡುತ್ತಾರೆ? ಇನ್ನೂ ಮೇಲಕ್ಕೆ ಓಡುತ್ತಾರೆ. 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಆದರೆ 2020ರ ಅಕ್ಟೋಬರ್‌ನಲ್ಲಿ ಅದರ ಅಡಿಯಲ್ಲಿ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆಯಿತು. ಅದಕ್ಕೆ ಮುಂಚೆ ಚಳಿಗಾಲದ ತಿಂಗಳುಗಳಲ್ಲಿ ಲಾಹೌಲ್ ಕಣಿವೆ ಹೊರ ಪ್ರಪಂಚದಿಂದ ಬೇರೆಯಾಗಿಬಿಡುತ್ತಿತ್ತು; ಬಾಣಂತಿಯೋ ರೋಗಿಯೋ ಹೊರಗೆ ಬರಬೇಕಾದರೆ ಹೆಲಿಕಾಪ್ಟರ್ ಕಾಯಬೇಕಿತ್ತು. ಅವರ ಪಾಲಿಗೆ ಸುರಂಗ ದೊಡ್ಡ ಉಪಕಾರ. ಆದರೆ ಅದೇ ಬಾಗಿಲಿನಲ್ಲಿ ನಾವೂ ನುಗ್ಗಿದೆವು. 2023ರ ಕ್ರಿಸ್‌ಮಸ್ ಸಮಯದಲ್ಲಿ ಒಂದೇ ದಿನ 28 ಸಾವಿರಕ್ಕೂ ಹೆಚ್ಚು ವಾಹನಗಳು ಆ ಸುರಂಗ ದಾಟಿದವು. ಸಾಲು ತಪ್ಪಿಸಲು ಒಬ್ಬ ಪುಣ್ಯಾತ್ಮ ಜೀಪನ್ನು ಚಂದ್ರಾ ನದಿಯೊಳಗೇ ಇಳಿಸಿ ಓಡಿಸಿ ದಂಡ ಕಟ್ಟಿದ್ದನ್ನು ಪತ್ರಿಕೆಗಳಲ್ಲಿ ನೀವೂ ಓದಿರಬಹುದು. ಮರುವರ್ಷ, 2024ರ ಡಿಸೆಂಬರ್‌ನಲ್ಲಿ, ಸೋಲಂಗ್ ಮತ್ತು ಸುರಂಗದ ನಡುವೆ ಹಿಮ ಬಿದ್ದು ಸಾವಿರದಷ್ಟು ವಾಹನಗಳು ರಾತ್ರಿಯವರೆಗೆ ಸಿಕ್ಕಿಕೊಂಡವು. ಮಕ್ಕಳು, ಮುದುಕರು ಎಲ್ಲರೂ ಒಳಗೆ. ಎಂಜಿನ್ನು ನಿಲ್ಲಿಸಿದರೆ ಚಳಿ, ನಿಲ್ಲಿಸದಿದ್ದರೆ ಹೊಗೆ.

ಈ ಹೊಗೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳಿಗೆ ಇದು ಪಾಠವೂ ಹೌದು. ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಬಿಸಿಲಿದ್ದರೂ ಅದು ಕೂಡಲೇ ಕರಗದಿರುವುದಕ್ಕೆ ಇದೊಂದು ಕಾರಣ. ಅದರ ಮೇಲೆ ಡೀಸೆಲ್ ಹೊಗೆಯ ಮಸಿ ತೆಳುವಾಗಿ ಕೂತರೂ ಸಾಕು, ಬೆಳಕನ್ನು ಹೀರಿಕೊಂಡು ಬೇಗ ಕರಗುತ್ತದೆ. ಬಿಳಿ ಅಂಗಿ ಮತ್ತು ಕರಿ ಕೊಡೆಯನ್ನು ಬಿಸಿಲಿಗಿಟ್ಟು ಮುಟ್ಟಿ ನೋಡಿದವರಿಗೆ ಇದು ಗೊತ್ತು. ರೋಹ್ತಾಂಗ್‌ಗೆ ಹೋಗುವ ಪ್ರವಾಸಿ ವಾಹನಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದಿನಕ್ಕೆ 1,200 ಎಂದು ಮಿತಿ ಹಾಕಿದ್ದರ ಹಿಂದೆ ಈ ಮಸಿಯ ಚಿಂತೆಯೂ ಇತ್ತು. ಪೆಟ್ರೋಲ್ ಗಾಡಿ 800, ಡೀಸೆಲ್ ಗಾಡಿ 400. 2017ರಲ್ಲಿ ಹಿಮಾಚಲದ ಸಾರಿಗೆ ನಿಗಮ ಆ ದಾರಿಯಲ್ಲಿ ವಿದ್ಯುತ್ ಬಸ್ಸುಗಳನ್ನೂ ಬಿಟ್ಟಿತು.

ಇನ್ನು ಕಣಿವೆಯ ಚಳಿಗಾಲದ ಗಾಳಿಗೆ ಒಂದು ವಿಚಿತ್ರ ಗುಣವಿದೆ. ಸಾಮಾನ್ಯವಾಗಿ ಮೇಲೆ ಹೋದಂತೆ ತಂಪು, ಕೆಳಗೆ ಬೆಚ್ಚಗೆ ಅಲ್ಲವೇ? ಚಳಿಗಾಲದ ರಾತ್ರಿ ಬೆಟ್ಟದ ಇಳಿಜಾರಿನ ತಣ್ಣನೆಯ ಭಾರವಾದ ಗಾಳಿ ನೀರಿನಂತೆ ಕೆಳಕ್ಕೆ ಹರಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಳದ ಹಾಗೆ ಕೂರುತ್ತದೆ. ಉಷ್ಣತೆಯ ವಿಲೋಮ ಎನ್ನುವುದು ಇದಕ್ಕೇ. ಮುಚ್ಚಳ ಹಾಕಿದ ಪಾತ್ರೆಯಲ್ಲಿ ಹೊಗೆ ಎಲ್ಲಿಗೆ ಹೋದೀತು? ವಾಹನದ ಹೊಗೆ, ಸೌದೆಯ ಹೊಗೆ, ರಸ್ತೆ ಬದಿಯಲ್ಲಿ ಕೈ ಕಾಯಿಸಿಕೊಳ್ಳಲು ಸುಡುವ ಪ್ಲಾಸ್ಟಿಕ್ಕಿನ ಹೊಗೆ ಬೆಳಗಿನವರೆಗೂ ಅಲ್ಲೇ ಇರುತ್ತದೆ. ‘ಬೆಟ್ಟದ ಶುದ್ಧ ಗಾಳಿ’ ಎಂದು ಎದೆ ತುಂಬ ಉಸಿರೆಳೆದುಕೊಳ್ಳುವವರು ಬೆಳಿಗ್ಗೆ ಏಳು ಗಂಟೆಗೆ ಮಾಲ್ ರಸ್ತೆಯಲ್ಲಿ ನಿಂತು ಹಾಗೆ ಮಾಡದಿರುವುದೇ ಒಳ್ಳೆಯದು.

ಕಸದ ಕಥೆಯೂ ಚಳಿಗಾಲದಲ್ಲಿ ಬೇರೆಯೇ. ಪ್ಲಾಸ್ಟಿಕ್ ಕೊಳೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು; ಬಾಳೆಹಣ್ಣಿನ ಸಿಪ್ಪೆ, ಕಿತ್ತಳೆ ಸಿಪ್ಪೆ, ಮಿಕ್ಕ ಅನ್ನ ಮಣ್ಣಾಗುತ್ತದಲ್ಲ ಎಂದು ಎಸೆಯುತ್ತೇವೆ. ನಮ್ಮೂರಿನಲ್ಲಿ ಆಗುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳ ಕೆಲಸ ಉಷ್ಣಾಂಶ ಹತ್ತು ಡಿಗ್ರಿ ಇಳಿದರೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. 25 ಡಿಗ್ರಿಯಿಂದ 5 ಡಿಗ್ರಿಗೆ ಬಂದರೆ ಕಾಲು ಭಾಗ. ಸೊನ್ನೆಗಿಂತ ಕೆಳಗೆ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ನಮ್ಮ ಮನೆಯ ಫ್ರಿಜ್ಜಿನ ತತ್ವವೇ ಇದು. ಅಂದರೆ ಡಿಸೆಂಬರ್‌ನಲ್ಲಿ ಹಿಮಾಲಯದಲ್ಲಿ ಎಸೆದ ಸಿಪ್ಪೆ ಫ್ರಿಜ್ಜಿನೊಳಗೆ ಇಟ್ಟ ಹಾಗೆ. ಮೇಲೆ ಹಿಮ ಬಿದ್ದು ಮುಚ್ಚಿಬಿಟ್ಟರೆ ಊರು ಚೊಕ್ಕಟವಾಗಿ ಕಾಣುತ್ತದೆ. ಹಿಮ ಕರಗಿದಾಗ ಆ ಚಳಿಗಾಲದ ಕಸವೆಲ್ಲ ಒಟ್ಟಿಗೆ ಮೇಲೆದ್ದು ಬಿಯಾಸ್ ನದಿಯ ಕಡೆ ಹೊರಡುತ್ತದೆ. ಮನಾಲಿಯ ಕಸ ಹಾಕುವ ರಾಂಗ್ರಿಯ ಜಾಗದ ಬಗ್ಗೆ ವರ್ಷಗಟ್ಟಲೆ ದೂರುಗಳಿವೆ. ಹಿಮಾಚಲ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನು 2009ರಲ್ಲೇ ನಿಷೇಧಿಸಿತು, 2025ರಲ್ಲಿ ಟ್ಯಾಕ್ಸಿ ಬಸ್ಸುಗಳಲ್ಲಿ ಕಸದ ಡಬ್ಬಿ ಕಡ್ಡಾಯ ಮಾಡಿತು. ನಿಯಮ ಒಳ್ಳೆಯದೇ. ಆದರೆ ಡಬ್ಬಿಯಿಂದ ಅದು ಮುಂದೆ ಹೋಗುವುದೂ ಅದೇ ಕಣಿವೆಯೊಳಕ್ಕೇ. ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ, ಬಿಸ್ಕತ್ತಿನ ಹೊದಿಕೆಗಳನ್ನು ಒಂದು ಬಟ್ಟೆಯ ಚೀಲದಲ್ಲಿ ತುಂಬಿ ದೆಹಲಿಗೋ ಬೆಂಗಳೂರಿಗೋ ವಾಪಸು ತರುವುದು ಹತ್ತು ವರ್ಷದ ಮಗುವಿಗೆ ವಹಿಸಬಹುದಾದ ಕೆಲಸ. ನಾಲ್ಕು ಜನಕ್ಕೆ ಐದು ದಿನಕ್ಕೆ ಅರ್ಧ ಕಿಲೋ ಕೂಡ ಆಗುವುದಿಲ್ಲ.

ಸ್ನಾನಕ್ಕೆ ಬರೋಣ. ನಮ್ಮವರಿಗೆ ದಿನಾ ಬಿಸಿನೀರ ಸ್ನಾನ ಆಗಲೇಬೇಕು. ಬೆಂಗಳೂರಿನಲ್ಲಿ 22 ಡಿಗ್ರಿಯ ನಲ್ಲಿ ನೀರನ್ನು 40 ಡಿಗ್ರಿಗೆ ಕಾಯಿಸುತ್ತೇವೆ. ಮನಾಲಿಯಲ್ಲಿ 5 ಡಿಗ್ರಿಯಿಂದ ಶುರು ಮಾಡಬೇಕು. 15 ಲೀಟರಿನ ಒಂದು ಬಕೆಟ್ಟಿಗೆ ಇಲ್ಲಿ ಯೂನಿಟ್ಟಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ವಿದ್ಯುತ್ ಸಾಕಾದರೆ ಅಲ್ಲಿ ಅದರ ಎರಡರಷ್ಟು. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ. “ಹಿಮಾಚಲದಲ್ಲಿ ಜಲವಿದ್ಯುತ್ ಬೇಕಾದಷ್ಟಿದೆಯಲ್ಲ” ಎನ್ನಬಹುದು. ಬೇಸಿಗೆ, ಮಳೆಗಾಲದಲ್ಲಿ ಇದೆ. ಆಗ ಆ ರಾಜ್ಯ ವಿದ್ಯುತ್ತನ್ನು ಹೊರಗೆ ಕೊಡುತ್ತದೆ. ಚಳಿಗಾಲದಲ್ಲಿ ನೀರು ಮೇಲೇ ಹೆಪ್ಪುಗಟ್ಟಿ ನದಿಗಳು ಸಣಕಲಾಗುತ್ತವೆ, ಉತ್ಪಾದನೆ ಕುಸಿಯುತ್ತದೆ, ಬಯಲುಸೀಮೆಯ ರಾಜ್ಯಗಳಿಂದ ವಿದ್ಯುತ್ ತರಿಸಿಕೊಳ್ಳಬೇಕಾಗುತ್ತದೆ. ಹಾಗಾಗಿ ಜನವರಿಯಲ್ಲಿ ಮನಾಲಿಯ ಹೋಟೆಲಿನ ಗೀಸರು ಉರಿಯುವಾಗ ಬಹುಪಾಲು ಎಲ್ಲೋ ಕಲ್ಲಿದ್ದಲು ಉರಿಯುತ್ತಿರುತ್ತದೆ.

ಅಲ್ಲಿಯ ಹಳೆಯ ಜನ ಬೇರೆ ದಾರಿ ಕಂಡುಕೊಂಡಿದ್ದರು. ಮನಾಲಿಯಿಂದ ಮೂರು ಕಿ.ಮೀ. ದೂರದ ವಸಿಷ್ಠ ಎಂಬ ಹಳ್ಳಿಯಲ್ಲಿ ದೇವಸ್ಥಾನದ ಪಕ್ಕ ಗಂಧಕದ ಬಿಸಿನೀರ ಬುಗ್ಗೆಯಿದೆ. ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಕೊಳ. ಯಾವ ಗೀಸರೂ ಬೇಡ. ಸೋಪು, ಶಾಂಪೂ ಮಾತ್ರ ಒಳಕ್ಕೆ ಒಯ್ಯಬಾರದು. ಪಾರ್ವತಿ ಕಣಿವೆಯ ಮಣಿಕರಣದಲ್ಲಂತೂ ಗುರುದ್ವಾರದ ಅನ್ನ, ಬೇಳೆ ಭೂಮಿಯೊಳಗಿನ ಶಾಖದಲ್ಲೇ ಬೇಯುತ್ತದೆ. ಭೂಗರ್ಭ ಶಾಖದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ನಮ್ಮ ದೇಶದಲ್ಲಿ ನನಗೆ ಕಂಡಿಲ್ಲ.

ಉಳಿಯುವುದು ಎಲ್ಲಿ? ನನ್ನ ಓಟು ನಗ್ಗರಿಗೆ. ಮನಾಲಿಯಿಂದ ಸುಮಾರು ಇಪ್ಪತ್ತು ಕಿ.ಮೀ. ಕೆಳಗೆ, ಬಿಯಾಸ್ ನದಿಯ ಎಡದಂಡೆಯ ಮೇಲೆ ಬೆಟ್ಟದ ಮಗ್ಗುಲಿನಲ್ಲಿರುವ ಹಳ್ಳಿ. ಒಂದು ಕಾಲದಲ್ಲಿ ಕುಲ್ಲು ಅರಸರ ರಾಜಧಾನಿ. ನದಿಯ ತೀರಾ ಅಂಚಿನ ಹೋಟೆಲುಗಳನ್ನು ನಾನು ಯಾರಿಗೂ ಹೇಳುವುದಿಲ್ಲ. 2023ರ ಜುಲೈ ಪ್ರವಾಹದಲ್ಲಿ ಬಿಯಾಸ್ ತನ್ನ ಪಾತ್ರದಲ್ಲಿ ಕಟ್ಟಿದ್ದನ್ನೆಲ್ಲ ಹೇಗೆ ಕೊಚ್ಚಿಕೊಂಡು ಹೋಯಿತೆಂದು ಟಿ.ವಿ.ಯಲ್ಲಿ ನೋಡಿದ್ದೇವೆ. ಚಳಿಗಾಲದಲ್ಲಿ ಪ್ರವಾಹದ ಭಯ ಇಲ್ಲದಿರಬಹುದು. ಆದರೆ ನದಿಯ ಜಾಗದಲ್ಲಿ ಕಟ್ಟಿದವರಿಗೆ ನಾವು ಕೊಡುವ ಬಾಡಿಗೆ ಮುಂದಿನ ಕಟ್ಟಡಕ್ಕೆ ಇಟ್ಟಿಗೆಯಾಗುತ್ತದೆ.

ಒಂದು ಡಿಸೆಂಬರ್ ಕೊನೆಯ ವಾರ ನಾವು ಮನೆಮಂದಿ ಮೂವರು ಅಲ್ಲಿ ಒಬ್ಬರ ಮನೆಯಲ್ಲಿ ಐದು ದಿನ ಇದ್ದೆವು. ಚಳಿಗಾಲದಲ್ಲಿ ಆ ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಬಾಳುತ್ತಾರೆ. ನಡುವೆ ಕಬ್ಬಿಣದ ತಗಡಿನ ಒಲೆ. ತಂದೂರ್ ಎನ್ನುತ್ತಾರೆ, ನಮ್ಮ ಹೋಟೆಲುಗಳ ತಂದೂರಿ ರೊಟ್ಟಿಯ ಒಲೆಯಲ್ಲ ಇದು. ಹೊಗೆ ಕೊಳವೆಯಲ್ಲಿ ಹೊರಕ್ಕೆ, ಮೇಲ್ಗಡೆ ಕೆಟಲಿನಲ್ಲಿ ನೀರು ಸದಾ ಬಿಸಿ, ಸುತ್ತ ಅಜ್ಜಿ, ಮೊಮ್ಮಕ್ಕಳು, ಬೆಕ್ಕು. “ನಿಮ್ಮ ಕೋಣೆಗೆ ಹೀಟರ್ ಹಾಕಲಾ ಮಾಸ್ಟರ್‌ಜೀ?” ಎಂದು ಮನೆಯಾತ ಕೇಳಿದ. ಬೇಡ, ಮಲಗುವ ತನಕ ಇಲ್ಲೇ ಕೂರುತ್ತೇವೆ ಎಂದೆವು. ಅಜ್ಜಿಗೆ ಖುಷಿಯಾಯಿತು. ನನ್ನ ಹೆಂಡತಿಗೂ ಅವರಿಗೂ ಸಾಮಾನ್ಯವಾದ ಭಾಷೆ ಯಾವುದೂ ಇರಲಿಲ್ಲ. ಆದರೂ ಕೈಯಲ್ಲಿ ಹೆಣಿಗೆ ಕಡ್ಡಿಗಳಿದ್ದವು, ಐದು ದಿನಕ್ಕೆ ಅಷ್ಟು ಸಾಕಾಯಿತು.

ಆ ಊರಿನ ಹಳೆಯ ಮನೆಗಳೇ ಒಂದು ಪಾಠ. ಒಂದು ಸಾಲು ದೇವದಾರು ತೊಲೆ, ಒಂದು ಸಾಲು ಕಲ್ಲು, ಹೀಗೆ ಗಾರೆಯಿಲ್ಲದೆ ಕಟ್ಟುತ್ತಾ ಹೋಗುವ ಈ ಪದ್ಧತಿಗೆ ಕಾಠ್‌ಕುಣಿ ಎಂದು ಹೆಸರು. ಕೆಳಗಿನ ಅಂತಸ್ತಿನಲ್ಲಿ ದನಕರು. ಅವುಗಳ ಮೈಯ ಬಿಸಿ ಮೇಲಿನ ಹಲಗೆಯ ನೆಲಕ್ಕೆ. ದಪ್ಪ ಮರ ಮತ್ತು ಕಲ್ಲಿನ ಸಂದಿನ ಗಾಳಿ ಎರಡೂ ಶಾಖದ ಅವಾಹಕಗಳು. ತೊಲೆಗಳು ಅಲುಗಾಡಲು ಎಡೆಯಿರುವುದರಿಂದ ಭೂಕಂಪಕ್ಕೂ ಮನೆ ಬಗ್ಗುವುದಿಲ್ಲ. 1905ರ ಕಾಂಗ್ರಾ ಭೂಕಂಪದಲ್ಲಿ ಸುತ್ತಮುತ್ತ ಅಪಾರ ಹಾನಿಯಾದರೂ ನಗ್ಗರಿನ ಅರಮನೆ ನಿಂತೇ ಇತ್ತು. ಅದೀಗ ಪ್ರವಾಸೋದ್ಯಮ ನಿಗಮದ ಹೋಟೆಲು. ಪಕ್ಕದಲ್ಲೇ ಗಾಜಿನ ಗೋಡೆ, ತೆಳು ಕಾಂಕ್ರೀಟಿನ ಹೊಸ ಹೋಟೆಲುಗಳಲ್ಲಿ ಕೋಣೆಗೆ ಎರಡೆರಡು ಹೀಟರ್ ಇಟ್ಟರೂ ಕಾಲು ಮರಗಟ್ಟುತ್ತದೆ.

ನಗ್ಗರಿಗೂ ನಮಗೂ ಒಂದು ನಂಟಿದೆ. ರಷ್ಯದ ಚಿತ್ರಕಾರ ನಿಕೊಲಸ್ ರೋರಿಕ್ 1920ರ ದಶಕದ ಕೊನೆಯಲ್ಲಿ ಇಲ್ಲಿ ನೆಲೆಸಿ, 1947ರಲ್ಲಿ ಇಲ್ಲೇ ತೀರಿಕೊಂಡರು. ಅವರ ಮಗ ಸ್ವೆತೊಸ್ಲಾವ್ ರೋರಿಕ್ ಚಿತ್ರನಟಿ ದೇವಿಕಾರಾಣಿಯವರನ್ನು ಮದುವೆಯಾಗಿ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ಬಾಳಿದವರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ತಂದೆ ಮಗ ಇಬ್ಬರ ಚಿತ್ರಗಳೂ ಇವೆ. ಹೊರಡುವ ಮೊದಲು ಮಕ್ಕಳಿಗೆ ಅವನ್ನು ತೋರಿಸಿ. ಆಮೇಲೆ ನಗ್ಗರಿನ ರೋರಿಕ್ ಮನೆಯ ಜಗಲಿಯಿಂದ ಅದೇ ನೀಲಿ ಬೆಟ್ಟಗಳನ್ನು ನೋಡಲಿ. ಆ ಐದು ದಿನ ನಗ್ಗರಿನಲ್ಲಿ ಒಂದು ಹಳಕು ಹಿಮವೂ ಬೀಳಲಿಲ್ಲ. ನಾಲ್ಕನೆಯ ದಿನ ಸರ್ಕಾರಿ ಬಸ್ಸಿನಲ್ಲಿ ಮನಾಲಿಗೆ, ಅಲ್ಲಿಂದ ಸೋಲಂಗಿಗೆ ಹೋಗಿ ನೆರಳಿನ ಮಗ್ಗುಲಲ್ಲಿ ಉಳಿದಿದ್ದ ಹಿಮವನ್ನು ಮುಟ್ಟಿ ಬಂದೆವು. ಮಿಕ್ಕ ದಿನಗಳಲ್ಲಿ ದೇವದಾರು ಕಾಡಿನಲ್ಲಿ ನಡೆದದ್ದೇ ನನ್ನ ಮಗಳಿಗೆ ಹೆಚ್ಚು ನೆನಪಿದೆ.

ಸೋಲಂಗಿನಲ್ಲಿ ಎಂಜಿನ್ನಿನ ಸ್ಕೂಟರುಗಳು ಹಿಮದ ಮೇಲೆ ಗರ್ಜಿಸುತ್ತಾ ಓಡಾಡುತ್ತವೆ. ಅವನ್ನು ಬಿಟ್ಟು, ಹಳ್ಳಿಯ ಹುಡುಗರು ಕಲಿಸುವ ಸ್ಕೀಯಿಂಗ್ ಸಾಕು; ಅದಕ್ಕೆ ಬೇಕಾದ ಇಂಧನ ನಮ್ಮ ಕಾಲು ಮತ್ತು ಗುರುತ್ವಾಕರ್ಷಣೆ ಮಾತ್ರ. ಕಾಲೇಜು ಮಕ್ಕಳು ನಿಜವಾಗಿ ಕಲಿಯಬೇಕೆಂದರೆ ಮನಾಲಿಯಲ್ಲಿ 1961ರಿಂದ ಪರ್ವತಾರೋಹಣ ಸಂಸ್ಥೆಯಿದೆ, ಚಳಿಗಾಲದಲ್ಲಿ ಸ್ಕೀಯಿಂಗ್ ತರಗತಿ ನಡೆಸುತ್ತದೆ. ಬಟ್ಟೆಗಾಗಿ ಹೊಸ ಜಾಕೀಟು ಕೊಳ್ಳಬೇಡಿ. ದಪ್ಪನೆಯ ಒಂದಕ್ಕಿಂತ ತೆಳ್ಳನೆಯ ಮೂರು ಒಂದರ ಮೇಲೊಂದು ಹಾಕಿದರೆ ನಡುವೆ ಸಿಕ್ಕಿದ ಗಾಳಿಯೇ ಬೆಚ್ಚಗಿಡುತ್ತದೆ. ಹಿಮದಲ್ಲಿ ಆಡುವಾಗಿನ ಗಂಬೂಟು, ಮೇಲಂಗಿ ದಾರಿಯುದ್ದಕ್ಕೂ ಬಾಡಿಗೆಗೆ ಸಿಗುತ್ತವೆ.

ಊಟ. ಅಡುಗೆಯವರನ್ನೂ ಸೋನಾಮಸೂರಿಯನ್ನೂ ಜೊತೆಗೇ ಕರೆದೊಯ್ಯುವ ಪ್ರವಾಸಗಳಿವೆ. ಹಿರಿಯರಿಗೆ ಅನುಕೂಲವೇ, ಅಲ್ಲಗಳೆಯುವುದಿಲ್ಲ. ಆದರೆ ಮನಾಲಿಯ ಎತ್ತರದಲ್ಲಿ ವಾಯು ಒತ್ತಡ ಕಡಿಮೆ. ನೀರು 93 ಡಿಗ್ರಿಯಲ್ಲೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಅನ್ನ ಬೇಯಲು ಗ್ಯಾಸು ಹೆಚ್ಚು ಬೇಕು. ಅಲ್ಲಿಯವರು ಚಳಿಗಾಲಕ್ಕೆ ಮಾಡುವ ಸಿಡ್ಡು ತಿನ್ನಿ. ಹುಳಿ ಬಂದ ಗೋಧಿ ಹಿಟ್ಟಿನೊಳಗೆ ಅಕ್ರೋಟೋ ಗಸಗಸೆಯೋ ತುಂಬಿ ಹಬೆಯಲ್ಲಿ ಬೇಯಿಸಿ ತುಪ್ಪ ಸುರಿದು ಕೊಡುತ್ತಾರೆ. ನಮ್ಮ ಕಡುಬಿನ ಅಣ್ಣ. ರಾಜ್ಮಾ, ಕೆಂಪಕ್ಕಿ, ಸೇಬಿನ ಚಟ್ನಿ ಎಲ್ಲವೂ ಆ ಮನೆಯ ಅಟ್ಟದಿಂದಲೇ ಇಳಿದು ಬರುತ್ತವೆ, ಲಾರಿಯಿಂದಲ್ಲ.

ಕೊನೆಗೆ ಪ್ರಯಾಣ, ನಿಜವಾದ ತೂಕ ಇರುವುದು ಇಲ್ಲಿ. ಬೆಂಗಳೂರಿನಿಂದ ದೆಹಲಿಗೆ 180 ಸೀಟಿನ ವಿಮಾನ ಹೋಗಲು ಸುಮಾರು ಆರು ಟನ್ ಇಂಧನ ಉರಿಸುತ್ತದೆ. ತಲೆಗೆ 33 ಕಿಲೋ. ಒಂದು ಕಿಲೋ ವಿಮಾನ ಇಂಧನದಿಂದ ಮೂರು ಕಿಲೋಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಒಂದು ಮೂರಾಗುವುದು ಹೇಗೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಉರಿಯುವಾಗ ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದಲ್ಲ, ಅದರ ತೂಕ. ಅಲ್ಲಿಗೆ ಒಬ್ಬರಿಗೆ ಸುಮಾರು ನೂರು ಕಿಲೋ, ನಾಲ್ವರ ಕುಟುಂಬ ಹೋಗಿ ಬಂದರೆ ಎಂಟು ನೂರು. ರೈಲಿಗೂ ಕಲ್ಲಿದ್ದಲಿನ ವಿದ್ಯುತ್ ಬೇಕು ನಿಜ, ಆದರೂ ಅದರ ಪಾಲು ಇದರ ಸಣ್ಣ ಭಾಗವಷ್ಟೇ. ದೆಹಲಿಯಿಂದ ಮನಾಲಿಗೆ ಸುಮಾರು 540 ಕಿ.ಮೀ. ಲೀಟರಿಗೆ 12 ಕಿ.ಮೀ. ಓಡುವ ಡೀಸೆಲ್ ಟ್ಯಾಕ್ಸಿ ಹೋಗಿ ಬರಲು ಇನ್ನೂರೈವತ್ತು ಕಿಲೋ ಹೊಗೆ ಬಿಟ್ಟರೆ, 40 ಜನರ ಬಸ್ಸಿನಲ್ಲಿ ಆ ನಾಲ್ವರ ಪಾಲು ಎಪ್ಪತ್ತೈದರ ಒಳಗೆ. ದೆಹಲಿಯ ಕಾಶ್ಮೀರಿ ಗೇಟಿನಿಂದ ಸರ್ಕಾರಿ ಬಸ್ಸುಗಳು ರಾತ್ರಿ ಹೊರಟು ಬೆಳಿಗ್ಗೆ ತಲುಪಿಸುತ್ತವೆ.

ಹತ್ತು ದಿನದ ರಜೆಯಲ್ಲಿ ರೈಲು, ಬಸ್ಸು ಎಂದರೆ ಹೋಗಲು ಎರಡೂವರೆ ದಿನ, ಬರಲು ಎರಡೂವರೆ ದಿನ. ಉಳಿದದ್ದು ಐದು. ಅಷ್ಟು ಸಮಯವಿಲ್ಲದವರು ಹೋಗುವಾಗ ರೈಲು, ಬರುವಾಗ ವಿಮಾನ ಮಾಡಿದರೂ ಅರ್ಧದಷ್ಟು ಉಳಿತಾಯವೇ. ಶಿಮ್ಲಾ, ಮನಾಲಿ, ಡಾಲ್‌ಹೌಸಿ, ಅಮೃತಸರ ಎಲ್ಲವನ್ನೂ ಆರು ದಿನಕ್ಕೆ ತುರುಕುವ ಪ್ಯಾಕೇಜು ಮಾತ್ರ ಬೇಡ. ಅದರಲ್ಲಿ ಮಕ್ಕಳು ನೋಡುವುದು ಮುಂದಿನ ಗಾಡಿಯ ನಂಬರ್ ಪ್ಲೇಟನ್ನು. ಇಷ್ಟು ದೂರ ಪ್ರತಿ ವರ್ಷ ಹೋಗಬೇಕಾಗಿಯೂ ಇಲ್ಲ. ಶಾಲೆಯ ವರ್ಷಗಳಲ್ಲಿ ಒಮ್ಮೆ ಸಾಕು. ಮಿಕ್ಕ ಡಿಸೆಂಬರುಗಳಿಗೆ ಕೊಡಚಾದ್ರಿ, ಕುಮಾರ ಪರ್ವತ ಇವೆ. ಹಿಮವಿಲ್ಲ, ಮಂಜಿದೆ, ಕಸ ವಾಪಸು ತರುವ ಅಭ್ಯಾಸವನ್ನು ಅಲ್ಲೇ ಮಾಡಿಕೊಳ್ಳಬಹುದು.

ಸಂಕ್ರಾಂತಿಯ ನಂತರ, ಗಣರಾಜ್ಯೋತ್ಸವದ ಹೊತ್ತಿಗೆ ಹೋಗುವವರು ಇನ್ನೊಂದು ವಿಷಯ ತಿಳಿದಿರಬೇಕು. ಮನಾಲಿ ಹತ್ತಿರದ ಗೋಶಾಲ್ ಮತ್ತು ಸುತ್ತಲಿನ ಕೆಲವು ಹಳ್ಳಿಗಳ ದೇವರುಗಳು ಮಕರ ಸಂಕ್ರಾಂತಿಯಂದು ಸ್ವರ್ಗಕ್ಕೆ ಹೋಗುತ್ತಾರೆಂದು ಅಲ್ಲಿಯವರ ನಂಬಿಕೆ. ಅಲ್ಲಿಂದ ಸುಮಾರು ಆರು ವಾರ ದೇವಸ್ಥಾನ ಮುಚ್ಚಿರುತ್ತದೆ, ಹೊಲದ ಕೆಲಸ ನಿಲ್ಲುತ್ತದೆ, ಟಿ.ವಿ. ಹಾಕುವುದಿಲ್ಲ, ಫೋನಿನ ಗಂಟೆಯನ್ನೂ ಅಡಗಿಸಿಡುತ್ತಾರೆ. ದೇವರ ತಪಸ್ಸಿಗೆ ಸದ್ದು ಭಂಗವಂತೆ. ಲಾಹೌಲದ ಸಿಸ್ಸುವಿನಲ್ಲಿಯೂ 2025ರಲ್ಲಿ ಜನವರಿ ಕೊನೆಯಿಂದ ಹಬ್ಬ ಮುಗಿಯುವ ತನಕ ಪ್ರವಾಸಿಗರ ಆಟಪಾಟಗಳನ್ನು ಪಂಚಾಯತಿ ನಿಲ್ಲಿಸಿತ್ತು. ಆ ದಿನಗಳಲ್ಲಿ ಗೋಶಾಲಿನ ದಾರಿಯಲ್ಲಿ ನಡೆಯುವವರು ದನಿ ತಗ್ಗಿಸಿ ಮಾತಾಡಬೇಕು, ಕಾರಿನ ಹಾಡು ನಿಲ್ಲಿಸಬೇಕು. ಬಾಗಿಲು ಮುಚ್ಚುವ ಮುನ್ನ ಗುಡಿಯೊಳಗೆ ಮಣ್ಣು ಹರಡಿರುತ್ತಾರೆ. ದೇವರು ಹಿಂದಿರುಗಿದ ದಿನ ಅದನ್ನು ಕೆದಕಿ, ಹೂವೋ ಕಾಳೋ ಏನು ಸಿಕ್ಕಿತೆಂದು ನೋಡಿ, ಆ ವರ್ಷದ ಬೆಳೆ ಹೇಗೆಂದು ಹಿರಿಯರು ಹೇಳುತ್ತಾರೆ.